ವ್ಯಸನ ಬಿಡುವವರ ಜೊತೆ ಯಾರು? ನಮ್ಮ ತಾಲ್ಲೂಕಿನಲ್ಲಿ ಸಿಗುವ ನೆರವು

(ಯಲಬುರ್ಗಾದಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣದ ಪಠ್ಯ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.

 

ವರ್ಷದ ಜಮಾ-ಖರ್ಚು ವರದಿಯಲ್ಲಿ ಅಚ್ಚಾಗಿದೆ, ನಿಮ್ಮ ಕೈಯಲ್ಲೇ ಇದೆ. ಅದನ್ನು ಮತ್ತೆ ಓದಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಆ ಲೆಕ್ಕದಲ್ಲಿ ಕಾಣದ ಒಂದು ಖರ್ಚಿನ ಬಗ್ಗೆ ಮಾತಾಡಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ.

ನಾವು ಮಗುವಿಗೆ ಫೀಸು ಕೊಡುತ್ತೇವೆ, ನೋಟಬುಕ್ಕು ಕೊಡುತ್ತೇವೆ, ಬಸ್ ಪಾಸಿನ ಹಣ ಕೊಡುತ್ತೇವೆ. ಆದರೆ ಅದೇ ಮಗುವಿನ ಮನೆಯಲ್ಲಿ ಬಟವಡೆಯ ದಿನ ತಂದೆಯ ಪಗಾರ ಮನೆ ಮುಟ್ಟದಿದ್ದರೆ, ನಮ್ಮ ಸಹಾಯ ತಳವಿಲ್ಲದ ಕೊಡದಲ್ಲಿ ನೀರು ತುಂಬಿದಂತೆ. ಹುಡುಗ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುತ್ತಾನೆ. ಹುಡುಗಿಗೆ ಪಿಯುಸಿ ಮುಗಿಯುವ ಮೊದಲೇ ಸಂಬಂಧ ಹುಡುಕುತ್ತಾರೆ. ಕಾರಣ ಕೇಳಿದರೆ ಬಡತನ ಎನ್ನುತ್ತಾರೆ. ಬಡತನ ನಿಜ. ಎಷ್ಟೋ ಮನೆಗಳಲ್ಲಿ ಆ ಬಡತನದ ಹಿಂದೆ ಹೆಸರು ಹೇಳದ ಇನ್ನೊಂದು ಕಾರಣವೂ ಇರುತ್ತದೆ. ಇವತ್ತು ಅದರ ಹೆಸರು ಹೇಳೋಣ: ವ್ಯಸನ.

ಯಾರ ಮನೆಯ ಮಾತನ್ನೂ ನಾವು ಇಲ್ಲಿ ಎತ್ತುವುದಿಲ್ಲ. ಕುಡಿತ, ಗುಟ್ಕಾ, ಬೀಡಿ, ಗಾಂಜಾ, ನಿದ್ದೆ ಗುಳಿಗೆ, ಕೆಮ್ಮಿನ ಸಿರಪ್ಪು, ಮಟ್ಕಾ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟ, ಇವು ಯಾವ ಓಣಿಯನ್ನೂ ಬಿಟ್ಟಿಲ್ಲ, ಯಾವ ಜಾತಿಯನ್ನೂ ಬಿಟ್ಟಿಲ್ಲ. ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವ ನಮ್ಮ ಹಿರಿಯ ಹೆಣ್ಣುಮಕ್ಕಳೂ ಈ ಲೆಕ್ಕದಲ್ಲಿ ಬರುತ್ತಾರೆ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ದೇಶವ್ಯಾಪಿ ಸಮೀಕ್ಷೆ ಮಾಡಿ 2019ರಲ್ಲಿ ವರದಿ ಕೊಟ್ಟಿತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದು ಅದರಲ್ಲಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು. ಉಳಿದವರು ಎಲ್ಲಿದ್ದಾರೆ? ಮನೆಯಲ್ಲೇ ಇದ್ದಾರೆ. ಹೆಂಡತಿ, ತಾಯಿ, ಮಕ್ಕಳು ಬಾಗಿಲು ಮುಚ್ಚಿಕೊಂಡು ಅವರನ್ನು ಸಂಭಾಳಿಸುತ್ತಿದ್ದಾರೆ.

ಮುಚ್ಚಿದ ಬಾಗಿಲು

ನಮ್ಮ ಸಮಾಜದಲ್ಲಿ ಈ ಬಾಗಿಲು ಇನ್ನಷ್ಟು ಬಿಗಿಯಾಗಿ ಮುಚ್ಚಿರುತ್ತದೆ. ಮದ್ಯ ಹರಾಮ್ ಎಂಬುದು ಚಿಕ್ಕ ಮಗುವಿಗೂ ಗೊತ್ತು. ಆದ್ದರಿಂದ ಮನೆಯಲ್ಲೊಬ್ಬರು ಕುಡಿಯುತ್ತಾರೆಂದರೆ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಮಗಳ ಸಂಬಂಧ ತಪ್ಪೀತು, ಜಮಾತಿನಲ್ಲಿ ಮಾತು ಬಂದೀತು ಎಂಬ ಅಂಜಿಕೆ. ಹೀಗೆ ಹತ್ತು ವರ್ಷ ಮುಚ್ಚಿಟ್ಟು, ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ. ಆಗ ವೈದ್ಯರ ಕೈಯಲ್ಲಿ ಉಳಿದಿರುವುದು ಸ್ವಲ್ಪವೇ.

ಧರ್ಮದ ಆಜ್ಞೆ ಸ್ಪಷ್ಟವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಆಜ್ಞೆ ಜನರಿಗೆ ಬಂದ ರೀತಿಯನ್ನು ನಮ್ಮ ಆಲಿಮರು ಪ್ರವಚನಗಳಲ್ಲಿ ವಿವರಿಸುತ್ತಾರೆ. ಮೊದಲು ಅದರಲ್ಲಿ ಲಾಭಕ್ಕಿಂತ ಕೇಡೇ ದೊಡ್ಡದು ಎಂಬ ತಿಳಿವಳಿಕೆ ಬಂತು. ಆಮೇಲೆ ನಶೆಯಲ್ಲಿ ನಮಾಜಿನ ಹತ್ತಿರ ಬರಬೇಡಿ ಎಂಬ ಕಟ್ಟಳೆ. ಕೊನೆಗೆ ಪೂರ್ಣ ನಿಷೇಧ, ಅದರ ಜೊತೆಯಲ್ಲೇ ಜೂಜಿನ ನಿಷೇಧ. ಸಹೀಹ್ ಬುಖಾರಿಯಲ್ಲಿ ಒಂದು ಪ್ರಸಂಗವೂ ಇದೆ. ಕುಡಿದದ್ದಕ್ಕೆ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬನನ್ನು ಅಲ್ಲಿದ್ದವರೊಬ್ಬರು ಶಪಿಸಿದಾಗ ಪ್ರವಾದಿಯವರು (ಸ.ಅ.) ತಡೆದರು. ಅವನ ಎದೆಯಲ್ಲಿ ಅಲ್ಲಾಹನ ಮತ್ತು ಅವನ ರಸೂಲರ ಮೇಲಿನ ಪ್ರೀತಿ ಇದೆ, ಶಪಿಸಬೇಡಿ ಎಂದರು. ಶಿಕ್ಷೆ ಆಗಿತ್ತು, ಆದರೆ ಆತನನ್ನು ಬಳಗದಿಂದ ಹೊರದೂಡಲಿಲ್ಲ. ಇದನ್ನು ಓದಿದ ಮೇಲೂ ಕುಡುಕನ ಮಗ, ಕುಡುಕನ ಹೆಂಡತಿ ಎಂದು ಓಣಿಯಲ್ಲಿ ಬೆರಳು ತೋರಿಸುವುದು ಯಾವ ದೀನದಾರಿಕೆ?

ಇದು ಕಾಯಿಲೆ ಕೂಡ

ಚಟ ಬಿಡುವುದು ಮನಸ್ಸಿಗೆ ಸೇರಿದ್ದು, ಗಟ್ಟಿ ಮನಸ್ಸಿದ್ದರೆ ಸಾಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಮನಸ್ಸು ಬೇಕು. ಆದರೆ ವರ್ಷಗಟ್ಟಲೆ ದಿನಾಲೂ ಕುಡಿದ ದೇಹದಲ್ಲಿ ಮಿದುಳೇ ಬದಲಾಗಿರುತ್ತದೆ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ಆ ಮಂದತನದ ವಿರುದ್ಧ ಮಿದುಳು ದಿನಾಲೂ ತನ್ನ ವೇಗ ಏರಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಏರಿದ ವೇಗಕ್ಕೆ ಕಡಿವಾಣವೇ ಇರುವುದಿಲ್ಲ. ಮೊದಲ ದಿನವೇ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ: ಇಲ್ಲದವರು ಕಾಣುತ್ತಾರೆ, ಗೋಡೆಯ ಮೇಲೆ ಹುಳ ಹರಿದಂತೆ ಆಗುತ್ತದೆ, ಯಾರೋ ಕೊಲ್ಲಲು ಬಂದರೆಂದು ಹೊರಗೆ ಓಡುತ್ತಾರೆ, ಎಲ್ಲಿದ್ದೇನೆ ಎಂಬ ಅರಿವೇ ಇರುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಇದು ಪ್ರಾಣಕ್ಕೆ ಎರವಾಗಬಹುದು.

ಈಗ ರಮಜಾನ್ ತಿಂಗಳನ್ನು ನೆನೆಸಿಕೊಳ್ಳಿ. ವರ್ಷವಿಡೀ ಕುಡಿದ ಮನುಷ್ಯನೂ ರಮಜಾನಿನ ಚಂದ್ರ ಕಂಡಾಗ ಬಿಡುತ್ತಾನೆ. ಅವನೊಳಗಿನ ಈಮಾನ್ ಅದನ್ನು ಮಾಡಿಸುತ್ತದೆ, ಅದು ದೊಡ್ಡ ವಿಷಯ. ಆದರೆ ಎರಡನೇ ಮೂರನೇ ರೋಜಾದ ದಿನ ಆತ ಒದರಾಡಲು, ಹೆದರಲು ಶುರು ಮಾಡುತ್ತಾನೆ. ಮನೆಯವರು ಜಿನ್ ಹಿಡಿಯಿತು, ಗಾಳಿ ಸೋಕಿತು, ಯಾರೋ ಮಾಟ ಮಾಡಿಸಿದರು ಎಂದುಕೊಳ್ಳುತ್ತಾರೆ. ತಾವೀಜಿಗೆ, ದಮ್ ಮಾಡಿಸಲಿಕ್ಕೆ ಊರೂರು ತಿರುಗುತ್ತಾರೆ. ಆಸ್ಪತ್ರೆಯಲ್ಲಿ ಇರಬೇಕಾದ ಹೊತ್ತು ಹಾದಿಯಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ದಯಮಾಡಿ ಇದನ್ನು ಮನೆಮನೆಗೆ ಮುಟ್ಟಿಸಿ. ದಿನಾಲೂ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ತಾವೇ ಒಮ್ಮೆಲೇ ಬಿಡಬಾರದು. ರಮಜಾನಿಗೆ ಎರಡು ವಾರ ಮೊದಲೇ, ಶಾಬಾನ್ ತಿಂಗಳಲ್ಲೇ, ವೈದ್ಯರನ್ನು ಕಾಣಬೇಕು. ನಡುಕ ಹೆಚ್ಚಾದರೆ, ಫಿಟ್ಸ್ ಬಂದರೆ, ಮಾತು ತೊದಲಿ ಭ್ರಮೆ ಕಂಡರೆ ಅದು ತುರ್ತು ಸ್ಥಿತಿ, ಕೂಡಲೇ 108ಕ್ಕೆ ಫೋನ್ ಮಾಡಬೇಕು. ದುಆ ಮಾಡಿ, ಖಂಡಿತ ಮಾಡಿ. ಆಂಬುಲೆನ್ಸಿನಲ್ಲಿ ಕುಳಿತೂ ಮಾಡಬಹುದು. ಕಾಯಿಲೆಯವರಿಗೆ ರೋಜಾ ಮುಂದೂಡುವ ರಿಯಾಯಿತಿ ಇದೆ. ಅದರ ವಿವರವನ್ನು ಇಮಾಮ್ ಸಾಹೇಬರಲ್ಲಿ ಕೇಳಿ ತಿಳಿದುಕೊಳ್ಳಿ.

ಎಲ್ಲಿಗೆ ಹೋಗಬೇಕು?

ಈ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕು, ಲಕ್ಷಗಟ್ಟಲೆ ಬೇಕು ಎಂಬ ಮಾತು ಓಡಾಡುತ್ತಿದೆ. ಹಾಗಿಲ್ಲ. ಹಳ್ಳಿಯ ಮಟ್ಟಕ್ಕೆ ಮನೋವೈದ್ಯ ಸೇವೆ ತರಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಔಷಧ ಅಲ್ಲೇ ಸಿಗುವಂತೆ ಮಾಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೇರೆ ಬೇರೆ ರಾಜ್ಯಗಳಲ್ಲಿ ಶುರುವಾಯಿತು. ಇವತ್ತು ಕೊಪ್ಪಳ ಜಿಲ್ಲೆಯಲ್ಲಿ ನಮಗೆ ಸಿಗುವ ಸೇವೆಯೂ ಆ ಕಾರ್ಯಕ್ರಮದ್ದೇ.

ಮೊದಲ ಮೆಟ್ಟಿಲು ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ಮತ್ತು ಹತ್ತಿರದ ಆರೋಗ್ಯ ಕೇಂದ್ರ. ಎರಡನೆಯದು ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ಏರ್ಪಾಡು ರಾಜ್ಯದಲ್ಲಿದೆ. ನಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಮೂರನೆಯದು ಕೊಪ್ಪಳದ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು. ಅಲ್ಲಿಂದಲೂ ಮುಂದಕ್ಕೆ ಕಳಿಸಬೇಕಾದರೆ ಗದಗ, ಹುಬ್ಬಳ್ಳಿ ಹಾದಿಯಲ್ಲಿ ಧಾರವಾಡದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಹೋಗುವಾಗ ಆಧಾರ್, ಪಡಿತರ ಚೀಟಿ, ಹಿಂದಿನ ಚೀಟಿಗಳು, ಈಗ ತಿನ್ನುತ್ತಿರುವ ಗುಳಿಗೆಗಳನ್ನು ಒಯ್ಯಿರಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಗೆ ಕುಡಿದದ್ದು ಯಾವಾಗ, ಇವನ್ನು ಮುಚ್ಚುಮರೆಯಿಲ್ಲದೆ ಹೇಳಿ. ವೈದ್ಯರು ಔಷಧದ ಪ್ರಮಾಣ ಲೆಕ್ಕ ಹಾಕುವುದು ಇದರ ಮೇಲೆಯೇ.

ಅಲ್ಲಿ ಏನು ಮಾಡುತ್ತಾರೆ? ಮೊದಲ ಒಂದೆರಡು ವಾರ ಬಿಟ್ಟಾಗಿನ ಬಾಧೆ ತಗ್ಗಿಸುವ ಗುಳಿಗೆ, ಬಿ1 ಜೀವಸತ್ವ, ಅಗತ್ಯ ಬಿದ್ದರೆ ಸಲೈನ್. ಕೆಲವರಿಗೆ ಗುಳಿಗೆ ತಗೊಂಡು ಮನೆಯಲ್ಲೇ ಆಗುತ್ತದೆ, ಕೆಲವರು ದಾಖಲಾಗಬೇಕಾಗುತ್ತದೆ. ಆ ಬಳಿಕ ಆಸೆ ತಗ್ಗಿಸುವ ಔಷಧ, ಆಪ್ತ ಸಮಾಲೋಚನೆ, ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದು. ತಂಬಾಕಿಗೂ ಸಮಾಲೋಚನೆ, ನಿಕೋಟಿನ್ ಚೂಯಿಂಗ್ ಗಮ್ ಮತ್ತು ಔಷಧಗಳಿವೆ. ಜೂಜಿನ ಚಟಕ್ಕೂ ಇದೇ ವೈದ್ಯರು, ಇದೇ ಸಮಾಲೋಚಕರು ಸಹಾಯ ಮಾಡುತ್ತಾರೆ.

ಆಸ್ಪತ್ರೆಗೆ ಹೋಗಲು ನಾಚಿಕೆಯಾದರೆ ಮೊದಲು ಫೋನಿನಲ್ಲಿ ಮಾತಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ತಂಬಾಕು ಬಿಡಲು 1800-11-2356. ಈ ಕೊನೆಯ ಸಂಖ್ಯೆ ತಂಬಾಕಿನ ಪ್ಯಾಕೆಟಿನ ಮೇಲೆಯೇ ಅಚ್ಚಾಗಿರುತ್ತದೆ. ಹರಿದು ಬಿಸಾಡುವ ಮೊದಲು ಒಮ್ಮೆ ಓದಿ ನೋಡಿ.

ಪೊಲೀಸರ ಅಂಜಿಕೆಯೂ ಕೆಲವರಿಗಿದೆ, ಮುಖ್ಯವಾಗಿ ಹರೆಯದ ಹುಡುಗರ ತಂದೆತಾಯಿಗೆ. 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು ಎಂಬ ಷರತ್ತಿದೆ. ಮಾರುವವರಿಗೆ ಈ ರಕ್ಷಣೆ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕು, ರೋಗಿಯ ಗುಟ್ಟು ಕಾಯುವುದು ಆಸ್ಪತ್ರೆಯ ಕರ್ತವ್ಯ ಎಂದು ಅದು ಹೇಳುತ್ತದೆ. ಕೈಚಾಚಿ ಬೇಡುವವರಂತೆ ಅಲ್ಲಿ ನಿಲ್ಲಬೇಕಿಲ್ಲ.

ಯಾವುದಕ್ಕೆ ಮೋಸಹೋಗಬಾರದು?

ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಒಂದು ಜಾಹೀರಾತು ನೋಡಿರುತ್ತೀರಿ: ಕುಡುಕರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ ಎಂದು. ತಾಯಂದಿರೇ, ಆ ಪುಡಿಗಳಿಂದ ದೂರವಿರಿ. ಏನು ಬೆರೆಸಿದ್ದಾರೆಂದು ಅದರ ಮೇಲೆ ಬರೆದಿರುವುದಿಲ್ಲ. ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಗುಳಿಗೆ ಇದೆ. ಅದನ್ನು ತಿಂದು ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಜೀವವೂ ಹೋಗಬಹುದು. ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ತಪಾಸಣೆ ಮಾಡಿದ ಮೇಲೆಯೇ ವೈದ್ಯರು ಕೊಡುತ್ತಾರೆ. ಗೊತ್ತಾಗದಂತೆ ಸಾರಿನಲ್ಲಿ ಹಾಕುವುದು ಚಿಕಿತ್ಸೆ ಆಗುವುದಿಲ್ಲ.

ಎರಡನೆಯದು, ಹೊಡೆದು ಬಡಿದು ಚಟ ಬಿಡಿಸುತ್ತೇವೆ ಎನ್ನುವ ಜಾಗಗಳು. ಇಂಥ ಕೇಂದ್ರಗಳು ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ವೈದ್ಯರು ಯಾವಾಗ ಬರುತ್ತಾರೆ, ಮನೆಯವರು ಭೇಟಿ ಮಾಡಬಹುದೇ ಎಂದು ಕೇಳಿ. ಯಾರನ್ನೂ ಸರಪಳಿಯಿಂದ ಕಟ್ಟುವಂತಿಲ್ಲ, ಕಾಯ್ದೆಯೇ ಅದನ್ನು ನಿಷೇಧಿಸಿದೆ. ತಮಿಳುನಾಡಿನ ಏರ್ವಾಡಿಯನ್ನು ನಾವು ಮರೆಯಬಾರದು. ಅಲ್ಲಿನ ದರ್ಗಾಕ್ಕೆ ಗುಣವಾಗಲೆಂದು ಜನ ತಮ್ಮ ಮನೋರೋಗಿಗಳನ್ನು ಕರೆದೊಯ್ಯುತ್ತಿದ್ದರು. ಸುತ್ತಮುತ್ತ ಖಾಸಗಿಯವರು ಗುಡಿಸಲು ಹಾಕಿ ರೋಗಿಗಳನ್ನು ಕಟ್ಟಿ ಇಡುತ್ತಿದ್ದರು. 2001ರ ಆಗಸ್ಟ್ 6ರಂದು ಅಂಥ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಬಿಚ್ಚಿಕೊಂಡು ಓಡಲಾಗದೆ 28 ಮಂದಿ ಪ್ರಾಣ ಬಿಟ್ಟರು. ಅವರನ್ನು ಅಲ್ಲಿ ಬಿಟ್ಟುಹೋದವರು ದುಷ್ಟರಾಗಿರಲಿಲ್ಲ. ಬೇರೆ ಹಾದಿ ತಿಳಿಯದ ಮನೆಯವರು. ಹಾದಿ ತಿಳಿಸುವುದು ಆದ್ದರಿಂದಲೇ ನಮ್ಮ ಹೊಣೆ.

ಈದ್ ಆದ ಮರುದಿನ

ಈಗ ಮುಖ್ಯ ಮಾತಿಗೆ ಬರುತ್ತೇವೆ. ಬಿಡುವುದು ಒಂದು ವಾರದ ಕೆಲಸ, ಬಿಟ್ಟಂತೆಯೇ ಇರುವುದು ವರ್ಷಗಳ ಕೆಲಸ. ರಮಜಾನಿನಲ್ಲಿ ಮೂವತ್ತು ದಿನ ಮುಟ್ಟದವರು ಈದ್ ಆದ ಮರುದಿನ ಅದೇ ಅಂಗಡಿಯ ಮುಂದೆ ಯಾಕೆ ನಿಲ್ಲುತ್ತಾರೆ? ಆ ಮೂವತ್ತು ದಿನ ಅವರಿಗೆ ಸಹ್ರಿಗೆ ಎಬ್ಬಿಸುವವರಿದ್ದರು, ಇಫ್ತಾರಿಗೆ ಪಕ್ಕದಲ್ಲಿ ಕೂರುವವರಿದ್ದರು, ರಾತ್ರಿ ತರಾವೀಹ್‌ನಲ್ಲಿ ಭುಜಕ್ಕೆ ಭುಜ ಹಚ್ಚಿ ನಿಲ್ಲುವವರಿದ್ದರು. ಸಂಜೆಯ ಆ ಎರಡು ತಾಸು ಖಾಲಿ ಇರಲಿಲ್ಲ. ಈದ್ ಮುಗಿಯಿತು, ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು, ಸಂಜೆ ಮತ್ತೆ ಖಾಲಿಯಾಯಿತು. ರಮಜಾನ್ ನಮಗೆ ತೋರಿಸಿಕೊಟ್ಟ ಮದ್ದು ಇದೇ: ಜೊತೆ.

ಇದನ್ನು ಬೇರೆಯವರೂ ಕಂಡುಕೊಂಡಿದ್ದಾರೆ. ಕುಷ್ಟಗಿಯಿಂದ ಸ್ವಲ್ಪ ಮುಂದೆ ಹೋದರೆ ಇಳಕಲ್ಲು. ಅಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1970ರ ದಶಕದಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳಿಗಾಗಿ, ಕಾಸಿಗಾಗಿ ತಿರುಗಲಿಲ್ಲ. ನಿಮ್ಮ ದುಶ್ಚಟ ಈ ಜೋಳಿಗೆಗೆ ಹಾಕಿ ಎಂದು ಕೇಳಿದರು. ಜನ ಬೀಡಿ ಕಟ್ಟು, ಗುಟ್ಕಾ ಚೀಟಿ ಹಾಕಿ ಮಾತು ಕೊಟ್ಟರು. ಅದು ಮಹಾಂತ ಜೋಳಿಗೆ ಎಂದೇ ಹೆಸರಾಯಿತು. 2018ರಲ್ಲಿ ಅವರು ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಗುರುವೊಬ್ಬರು ತಾವಾಗಿಯೇ ಮನೆ ಬಾಗಿಲಿಗೆ ಬಂದು ಕೇಳುವುದಕ್ಕೂ, ಜನ ತಮ್ಮ ಬಳಿಗೆ ಬರಲಿ ಎಂದು ಕೂತಿರುವುದಕ್ಕೂ ಇರುವ ಅಂತರವನ್ನು ಆ ಜೋಳಿಗೆ ತೋರಿಸುತ್ತದೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರನ್ನೆಲ್ಲ ಸೇರಿಸಿ ನವಜೀವನ ಸಮಿತಿ ಕಟ್ಟುತ್ತಾರೆ. ಶಿಬಿರ ಎಂಟು ದಿನ, ಸಮಿತಿ ವರ್ಷಗಟ್ಟಲೆ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಲ್ಲಿ ಮುಳುಗಿದ್ದವರು, ಒಬ್ಬರಿಗೊಬ್ಬರು ಜೊತೆಯಾಗಿ ಕುಡಿಯದೆ ಉಳಿದರು. ಅವರಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್. ಅಲ್ಲಿ ಶುಲ್ಕವಿಲ್ಲ, ಹೆಸರು ಹೊರಗೆ ಹೇಳುವುದಿಲ್ಲ. ಬಿಟ್ಟವರು ಬಿಡಬೇಕೆನ್ನುವವರ ಪಕ್ಕ ಕೂರುತ್ತಾರೆ, ಅಷ್ಟೇ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಕೂಟವಿದೆ.

ಮತ್ತೆ ಜಾರುವುದು ಇದ್ದೇ ಇದೆ. ಸಕ್ಕರೆ ಕಾಯಿಲೆ ಇದ್ದವರು ಹಬ್ಬದಲ್ಲಿ ಶೀರ್ ಖುರ್ಮಾ ಕುಡಿದು ಸಕ್ಕರೆ ಏರಿಸಿಕೊಂಡರೆ ಔಷಧ ನಿಲ್ಲಿಸುತ್ತೇವೆಯೇ? ಬೈದು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ಇಲ್ಲಿಯೂ ಹಾಗೆಯೇ. ಮೂರು ತಿಂಗಳು ಬಿಟ್ಟವರು ಒಂದು ದಿನ ಜಾರಿದರೆ ಆ ಮೂರು ತಿಂಗಳು ಹಾಳಾಗಲಿಲ್ಲ. ಮರುದಿನವೇ ವೈದ್ಯರ ಹತ್ತಿರ ಹೋದರೆ ಎದ್ದು ನಿಲ್ಲುತ್ತಾರೆ.

ತಾಯಂದಿರಿಗೆ

ತಾಯಂದಿರೇ, ಅಕ್ಕತಂಗಿಯರೇ, ಗಂಡ ಕುಡಿಯುವುದಕ್ಕೆ ನೀವು ಕಾರಣರಲ್ಲ. ಬಿಡಿಸುವ ಭಾರವೂ ನಿಮ್ಮೊಬ್ಬರ ತಲೆಯ ಮೇಲಿಲ್ಲ. ನಶೆಯಲ್ಲಿದ್ದಾಗ ವಾದಕ್ಕೆ ಇಳಿಯಬೇಡಿ, ಬೆಳಿಗ್ಗೆ ಸಮಾಧಾನದಲ್ಲಿ ಮಾತಾಡಿ. ಅವರ ಬಾರಿನ ಸಾಲ, ಮಟ್ಕಾದ ಸಾಲ ತೀರಿಸಲು ಬಂಗಾರ ಒತ್ತೆ ಇಡಬೇಡಿ, ಸಂಘದ ಸಾಲ ಎತ್ತಬೇಡಿ. ನಿಮ್ಮ ದುಡಿಮೆಯ ಹಣ ನಿಮ್ಮ ಖಾತೆಯಲ್ಲೇ ಇರಲಿ. ಹೊಡೆತ ಬಿದ್ದರೆ ಸಹಿಸಿಕೊಂಡು ಕೂರುವುದು ಸಬರ್ ಆಗುವುದಿಲ್ಲ. 181 ಮಹಿಳಾ ಸಹಾಯವಾಣಿ, 112 ತುರ್ತು ಸೇವೆ, 1098 ಮಕ್ಕಳ ಸಹಾಯವಾಣಿ, ಮೂರೂ ನಿಮಗಾಗಿಯೇ ಇವೆ. ಗಂಡ ಆಸ್ಪತ್ರೆಗೆ ಒಪ್ಪದಿದ್ದರೂ ನೀವೊಬ್ಬರೇ ಹೋಗಿ ಸಮಾಲೋಚಕರ ಜೊತೆ ಮಾತಾಡಬಹುದು.

ಹೆಣ್ಣುಮಕ್ಕಳ ಧ್ವನಿಗೆ ಬಲವಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅದಕ್ಕೇ ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಸಾವಿರಾರು ಮಹಿಳೆಯರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಹೋದರು. ಕೂಲಿ ಬಿಟ್ಟು ಅಷ್ಟು ದೂರ ನಡೆದ ಆ ಹೆಣ್ಣುಮಕ್ಕಳಿಗೆ ನಾಚಿಕೆ ಅಡ್ಡ ಬರಲಿಲ್ಲ.

ಟ್ರಸ್ಟಿನ ತೀರ್ಮಾನಗಳು

ಮಾತು ಇಷ್ಟಕ್ಕೇ ನಿಲ್ಲಬಾರದೆಂದು ಆಡಳಿತ ಮಂಡಳಿ ಈ ಕೆಳಗಿನ ತೀರ್ಮಾನ ಮಾಡಿದೆ.

ಒಂದು, ಮನೆಯವರ ವ್ಯಸನದ ಕಾರಣಕ್ಕೆ ಯಾವ ಮಗುವಿನ ವಿದ್ಯಾರ್ಥಿವೇತನವೂ ನಿಲ್ಲುವುದಿಲ್ಲ. ಅಂಥ ಮನೆಯ ಮಗುವಿನ ಹಣ ನೇರವಾಗಿ ಶಾಲೆಗೆ ಅಥವಾ ತಾಯಿಯ ಖಾತೆಗೆ ಹೋಗುತ್ತದೆ.

ಎರಡು, ಚಿಕಿತ್ಸೆಗೆ ಕೊಪ್ಪಳ ಅಥವಾ ಧಾರವಾಡಕ್ಕೆ ಹೋಗುವ ಬಡವರಿಗೆ, ಅವರ ಜೊತೆ ಹೋಗುವ ಒಬ್ಬರಿಗೆ ಬಸ್ ಖರ್ಚು ಮತ್ತು ಊಟದ ಖರ್ಚನ್ನು ಸದಕಾ ನಿಧಿಯಿಂದ ಕೊಡುತ್ತೇವೆ. ಝಕಾತ್ ಹಣವನ್ನು ಇದಕ್ಕೆ ಯಾವ ಷರತ್ತಿನಲ್ಲಿ ಬಳಸಬಹುದು ಎಂಬುದನ್ನು ಆಲಿಮರ ಮುಂದೆ ಇಟ್ಟು, ಅವರು ಹೇಳಿದಂತೆ ನಡೆಯುತ್ತೇವೆ.

ಮೂರು, ಪ್ರತಿ ಓಣಿಯಲ್ಲಿ ಇಬ್ಬರು ಜೊತೆಗಾರರು. ಅವರ ಕೆಲಸ ಉಪದೇಶ ಮಾಡುವುದಲ್ಲ. ಮಂಗಳವಾರ ಆಸ್ಪತ್ರೆಗೆ ಜೊತೆಗೆ ಹೋಗುವುದು, ಬಟವಡೆಯ ಸಂಜೆ ಆ ಮನುಷ್ಯನ ಜೊತೆ ಮನೆ ತನಕ ನಡೆದುಕೊಂಡು ಬರುವುದು, ಮಗ್ರಿಬ್ ನಮಾಜಿನ ಬಳಿಕ ಒಂದು ಕಪ್ ಚಹಾ ಕುಡಿಯುವುದು. ಹೆಣ್ಣುಮಕ್ಕಳ ಜೊತೆಗೆ ಹೆಣ್ಣುಮಕ್ಕಳೇ ಇರುತ್ತಾರೆ. ಕೇಳಿದ್ದನ್ನು ಹೊರಗೆ ಆಡುವವರಿಗೆ ಈ ಕೆಲಸದಲ್ಲಿ ಜಾಗವಿಲ್ಲ. ಸಹಾಯ ಕೇಳುವವರು ಯಾವ ಜಾತಿ, ಯಾವ ಧರ್ಮ ಎಂದು ನೋಡುವುದಿಲ್ಲ.

ನಾಲ್ಕು, ಶಾಬಾನ್ ತಿಂಗಳ ಒಂದು ಜುಮಾ ಮತ್ತು ಈದ್ ಆದ ಮೊದಲ ಜುಮಾ, ಈ ಎರಡು ದಿನ ಮಸೀದಿಗಳಲ್ಲಿ ಚಿಕಿತ್ಸೆಯ ಮಾಹಿತಿ ಹೇಳಲು ಇಮಾಮ್ ಸಾಹೇಬರನ್ನು ವಿನಂತಿಸಿದ್ದೇವೆ.

ವ್ಯಸನ ಬಿಟ್ಟು ವರ್ಷಗಳಾದ ಹಿರಿಯರು ಈ ಸಭೆಯಲ್ಲಿಯೂ ಇದ್ದಾರು. ನಿಮ್ಮ ಹೆಸರು ನಾವು ಕೇಳುವುದಿಲ್ಲ. ಜೊತೆಗಾರರಾಗಲು ನಿಮಗಿಂತ ಯೋಗ್ಯರು ಯಾರೂ ಇಲ್ಲ. ಹಾದಿಯ ಕಲ್ಲು ಮುಳ್ಳು ನಡೆದವರಿಗೇ ಗೊತ್ತು.

ಮಕ್ಕಳೇ, ಕೊನೆಯ ಮಾತು ನಿಮಗೆ. ನಿಮ್ಮಲ್ಲಿ ಯಾರದಾದರೂ ಮನೆಯಲ್ಲಿ ಈ ಕಷ್ಟ ಇದ್ದರೆ ಅದು ನಿಮ್ಮ ತಪ್ಪಲ್ಲ, ನಿಮ್ಮ ನಾಚಿಕೆಯೂ ಅಲ್ಲ. ಗುರುಗಳಿಗೆ ಹೇಳಿ, ನಮಗೆ ಹೇಳಿ. ಅಬ್ಬಾನನ್ನು ದ್ವೇಷಿಸಬೇಡಿ, ಅವರ ಕಾಯಿಲೆಗೆ ಮದ್ದಿದೆ. ನಿಮ್ಮ ಕೈಗೆ ಯಾರಾದರೂ ಗುಟ್ಕಾ ಚೀಟಿ ಇಟ್ಟರೆ, ಒಂದು ಸಲ ರುಚಿ ನೋಡು ಎಂದರೆ, ಬೇಡ ಎನ್ನಿ. ಆ ಒಂದು ಮಾತು ಈಗ ಬಹಳ ಹಗುರ, ಹತ್ತು ವರ್ಷದ ಮೇಲೆ ಬಹಳ ಭಾರ.

ಅಲ್ಲಾಹನು ಕಾಯಿಲೆಯಲ್ಲಿರುವವರಿಗೆ ಶಿಫಾ ಕೊಡಲಿ, ಮನೆಯವರಿಗೆ ಬಲ ಕೊಡಲಿ, ಜೊತೆಗೆ ನಡೆಯುವ ಮನಸ್ಸನ್ನು ನಮಗೆಲ್ಲ ಕೊಡಲಿ. ಆಮೀನ್.

ಗೋಡೆಗೆ ಹಚ್ಚಿಕೊಳ್ಳಬೇಕಾದ ಸಂಖ್ಯೆಗಳು

ಟೆಲಿ ಮಾನಸ್: 14416
ವ್ಯಸನ ಮುಕ್ತಿ ರಾಷ್ಟ್ರೀಯ ಸಹಾಯವಾಣಿ: 14446
ತಂಬಾಕು ಬಿಡಲು: 1800-11-2356
ಆಂಬುಲೆನ್ಸ್: 108
ತುರ್ತು ಸೇವೆ: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098

ವಿದ್ಯಾರ್ಥಿವೇತನ ಪ್ರಕಟಣೆ

ಮುಂದಿನ ಸಾಲಿನ ವಿದ್ಯಾರ್ಥಿವೇತನಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕುಕನೂರು ತಾಲ್ಲೂಕುಗಳ ಬಡ ವಿದ್ಯಾರ್ಥಿಗಳಿಂದ ಅರ್ಜಿ ಕರೆಯಲಾಗಿದೆ. ಅರ್ಜಿಯೊಂದಿಗೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಮತ್ತು ಶಾಲೆಯ ಮುಖ್ಯಗುರುಗಳ ದೃಢೀಕರಣ ಲಗತ್ತಿಸಬೇಕು. ತಾಯಿಯ ಖಾತೆಯ ಸಂಖ್ಯೆ ಕೊಡಬಹುದು, ಅದಕ್ಕೆ ಕಾರಣ ಬರೆಯಬೇಕಿಲ್ಲ. ಮನೆಯಲ್ಲಿ ಚಿಕಿತ್ಸೆಗೆ ಸಹಾಯ ಬೇಕಿದ್ದವರು ಅರ್ಜಿಯಲ್ಲಿ ಬರೆಯದೆ ಕಾರ್ಯದರ್ಶಿಗಳನ್ನು ಖುದ್ದಾಗಿ ಕಾಣಬೇಕು. ಆ ವಿಷಯ ಯಾವ ಕಡತಕ್ಕೂ ಸೇರುವುದಿಲ್ಲ. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನಕ್ಕೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೂ ಅರ್ಜಿ ತುಂಬಲು ಟ್ರಸ್ಟಿನ ಕಚೇರಿಯಲ್ಲಿ ಉಚಿತವಾಗಿ ಸಹಾಯ ಮಾಡಲಾಗುತ್ತದೆ.